ಮರಳು, ಪಾಟಿ, ಚುಕ್ಕಿ ಪುಸ್ತಕ: ಅಕ್ಷರ ತಿದ್ದಿಸೋಕೆ ಯಾವುದು ಒಳ್ಳೇದು?

ನನ್ನ ದೊಡ್ಡ ಮಗಳು ಮೊದಲ ಸಲ ಬರೆದ ‘ಅ’ ಅಕ್ಷರಕ್ಕೆ ಎಂಟು ಮೂಲೆಗಳಿದ್ದವು. ಅವಳಿಗೆ ಆಗ ಮೂರೂವರೆ ವರ್ಷ. ಪೇಟೆಯಿಂದ ತಂದ ಚುಕ್ಕಿ ಪುಸ್ತಕ ಮುಂದಿಟ್ಟು, ‘ಚುಕ್ಕಿ ಸೇರಿಸುತ್ತಾ ಹೋಗು’ ಅಂದಿದ್ದೆ. ಶಿರಸಿಯ ತೌರುಮನೆಯಲ್ಲಿ ಅಜ್ಜಿ ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕೋದನ್ನು ನೋಡಿ ಬಂದಿದ್ದಳು. ಅದರಂತೆಯೇ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ನೆಟ್ಟಗೆ ಗೆರೆ ಎಳೆದಳು. ಅಲ್ಲಿ ನಿಂತಳು. ಮತ್ತೊಂದು ಗೆರೆ ಎಳೆದಳು. ಹೇಳಿದ್ದನ್ನೇ ಮಾಡಿದ್ದಳು ಪಾಪ. ಆದರೆ ಒಂದೇ ಓಟದಲ್ಲಿ ಸುತ್ತಿ ಬರಬೇಕಾದ ಅಕ್ಷರ ಕಲ್ಲು ಕಡಿದಂತಾಗಿತ್ತು.

ಈಗ ಚಿಕ್ಕವನಿಗೆ ನಾಲ್ಕು. ಈ ನಡುವೆ ಕಾರವಾರದ ನಮ್ಮ ಮನೆಗೆ ಬರದ ಸಾಮಾನಿಲ್ಲ. ಮರಳಿನ ತಟ್ಟೆ, ಮರ ಉಜ್ಜುವ ಒರಟು ಉಪ್ಪುಕಾಗದದ ಅಕ್ಷರ, ತೋಡು ಕೊರೆದ ಮರದ ಹಲಗೆ, ಒರೆಸಿ ಬರೆಯುವ ಪ್ಲಾಸ್ಟಿಕ್ ಹಾಳೆ, ಫೋನಿನ ಆ್ಯಪ್, ಕೊನೆಗೆ ನಮ್ಮ ಹಳೇ ಪಾಟಿ (ಸ್ಲೇಟು), ಎಲ್ಲವೂ ಬಂದಿವೆ. ‘ಯಾವುದನ್ನು ತಗೊಳ್ಳಲಿ?’ ಅಂತ ಗೆಳತಿಯರು ಕೇಳುತ್ತಿರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಕನ್ನಡದಲ್ಲಿ ಈ ಕೆಲಸಕ್ಕೆ ‘ತಿದ್ದುವುದು’ ಅನ್ನುತ್ತೇವೆ. ಬರೆದ ಅಕ್ಷರದ ಮೇಲೆ ಮತ್ತೆ ಕೈಯಾಡಿಸೋದೂ ತಿದ್ದೋದೇ, ತಪ್ಪನ್ನು ಸರಿ ಮಾಡೋದೂ ತಿದ್ದೋದೇ. ನಾನು ಸಾಮಾನು ನೋಡುವುದು ಈ ಎರಡನೇ ಅರ್ಥದಿಂದ. ತಾನು ಎಲ್ಲಿ ತಪ್ಪಿದೆ ಅಂತ ಮಗುವಿಗೆ ಗೊತ್ತಾಗುತ್ತದಾ? ಅಳಿಸಿ ಮತ್ತೆ ಬರೆಯೋಕೆ ಸುಲಭವಾ? ಮುಖ್ಯವಾಗಿ, ನಾಲ್ಕು ದಿನದ ಮೇಲೆ ಕೆಳಗಿನ ಅಕ್ಷರ ತೆಗೆದುಬಿಟ್ಟರೆ ಕೈ ತಾನಾಗಿ ಓಡುತ್ತದಾ? ಬಣ್ಣ, ಬೆಲೆ, ಚಿತ್ರ ಎಲ್ಲಾ ಆಮೇಲೆ.

ಮೊದಲು ಕೈ ನೋಡಿ

ಎರಡು ವರ್ಷದ ಹೊತ್ತಿಗೆ ಮಕ್ಕಳು ಉದ್ದ ಗೆರೆ ಎಳೆಯುತ್ತಾರೆ. ಮೂರರ ಸುಮಾರಿಗೆ ಸೊನ್ನೆ ಬರುತ್ತದೆ, ನಾಲ್ಕರ ಸುಮಾರಿಗೆ ಅಡ್ಡ-ಉದ್ದ ಸೇರಿದ ಕೂಡು ಗುರುತು. ಓರೆ ಗೆರೆಗಳು ಬೇಕಾದ ತ್ರಿಕೋನ ಐದರ ಹತ್ತಿರ. ಒಬ್ಬೊಬ್ಬರು ಆರು ತಿಂಗಳು ಆಚೀಚೆ ಆಗಬಹುದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿ ಪೆನ್ಸಿಲ್ಲನ್ನು ಹದವಾಗಿ ಹಿಡಿದು ಬೆರಳಿನಿಂದಲೇ ಆಡಿಸೋದು ಬಹಳಷ್ಟು ಮಕ್ಕಳಿಗೆ ನಾಲ್ಕೂವರೆ ದಾಟಿದ ಮೇಲೆ ಬರುವ ವಿದ್ಯೆ. ಅದಕ್ಕಿಂತ ಮುಂಚೆ ಓಡುವುದು ಭುಜ ಮತ್ತು ಮೊಣಕೈ. ಅದಕ್ಕೇ ಮೂರು ವರ್ಷದವರಿಗೆ ಅಕ್ಷರ ದೊಡ್ಡದಿರಬೇಕು. ಅಂಗೈಯಷ್ಟು ಇದ್ದರೂ ಚಿಕ್ಕದೇ.

ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಓರೆ ಗೆರೆ ಜಾಸ್ತಿ. ನಮ್ಮದು ದುಂಡು ಲಿಪಿ. ಹಾಗಾಗಿ ಕನ್ನಡ ಬರೆಯುವ ಮಗುವಿಗೆ ಮೊದಲು ಬೇಕಾದ್ದು ನೆಟ್ಟಗಿನ ಗೆರೆಯಲ್ಲ, ಸುತ್ತು. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು, ಸುರುಳಿ, ಅಲೆ. ಇಷ್ಟು ಕೈಗೆ ಬಂದರೆ ಅರ್ಧ ವರ್ಣಮಾಲೆ ಬಂದ ಹಾಗೆ. ಚಕ್ಕುಲಿ ಒತ್ತುವ ದಿನ ಹಿಟ್ಟಿನ ಒಂದು ಉಂಡೆಯನ್ನು ಮಗುವಿಗೂ ಕೊಟ್ಟು ನೋಡಿ. ಹೊಸೆದು ಸುತ್ತುವುದರಲ್ಲೇ ಬೆರಳಿಗೆ ಬೇಕಾದ ಕಸುವು ಬರುತ್ತದೆ.

ಮರಳು: ದಡದಲ್ಲಿ ಒಳ್ಳೇದು, ಮನೆಯೊಳಗೆ ಅಷ್ಟಕ್ಕಷ್ಟೇ

ಸಮುದ್ರದ ಪಕ್ಕ ಇದ್ದವರಿಗೆ ಇದಕ್ಕಿಂತ ದೊಡ್ಡ ಪಾಟಿ ಇನ್ನೆಲ್ಲಿ? ಇಳಿತದ ಸಂಜೆ ಟಾಗೋರ್ ಕಡಲತೀರಕ್ಕೆ ಹೋದರೆ ತೆರೆ ಈಗಷ್ಟೇ ಬಿಟ್ಟುಹೋದ ಒದ್ದೆ ಪಟ್ಟಿ ಸಿಗುತ್ತದೆ. ಬರೆಯಬೇಕಾದ್ದು ಅಲ್ಲಿ. ಮೇಲಿನ ಒಣ ಮರಳಲ್ಲಿ ಗೆರೆ ನಿಲ್ಲೋದಿಲ್ಲ, ಕುಸಿಯುತ್ತದೆ. ನಾನು ಕೋಲಿನಿಂದ ಆಳುದ್ದದ ‘ರ’ ಬರೆಯುತ್ತೇನೆ, ಮಗ ಅದರ ಮೇಲೆ ನಡೆಯುತ್ತಾನೆ. ಆಮೇಲೆ ಕೋಲು ಅವನ ಕೈಗೆ. ತೆರೆ ಬಂದು ಒರೆಸಿಕೊಂಡು ಹೋಗುತ್ತದೆ, ಅವನು ಕೇಕೆ ಹಾಕಿ ಇನ್ನೊಂದು ಬರೆಯುತ್ತಾನೆ. ಇಪ್ಪತ್ತು ಸಲ ಬರೆದರೂ ಬೇಸರವಿಲ್ಲ. ಪುಸ್ತಕದಲ್ಲಾದರೆ ಮೂರನೆಯದಕ್ಕೇ ಹೊಟ್ಟೆನೋವು ಶುರು.

ಮಾಜಾಳಿ ಕಡೆಯ ತಿಳಮಾತಿಯಲ್ಲಿ ಎಳ್ಳಿನಂಥ ಕಪ್ಪು ಮರಳಿದೆ. ಮಕ್ಕಳು ಅದನ್ನು ಮುಟ್ಟಿದರೆ ಬಿಡೋದೇ ಇಲ್ಲ. ಆದರೆ ಗುಡ್ಡ ಹತ್ತಿಳಿದು ಹೋಗಬೇಕು, ದಿನದ ಅಭ್ಯಾಸಕ್ಕೆ ಆಗುವ ಜಾಗವಲ್ಲ. ಮಳೆಗಾಲ ಶುರುವಾದ ಮೇಲೆ ಯಾವ ದಡವೂ ಬೇಡ. ಜೂನಿಂದ ಸೆಪ್ಟೆಂಬರ್ ತನಕ ಸಮುದ್ರದ ಹತ್ತಿರ ಅಕ್ಷರ ಕಲಿಸುವ ಸಾಹಸ ಮಾಡಬೇಡಿ.

ಮನೆಯೊಳಗೆ ತಟ್ಟೆಯಲ್ಲಿ ಮರಳು ಹಾಕೋದಾದರೆ ದಡದ ಮರಳು ಸರಿಹೋಗಲ್ಲ. ಉಪ್ಪಿನಂಶಕ್ಕೆ ಸದಾ ಪಸೆ, ಚಿಪ್ಪಿನ ಚೂರು ಬೇರೆ ಬೆರಳಿಗೆ ಚುಚ್ಚುತ್ತದೆ. ಹಲವು ನೀರಿನಲ್ಲಿ ತೊಳೆದು, ಒಣಗಿಸಿ, ಜರಡಿ ಹಿಡಿಯಬೇಕು. ಅಷ್ಟು ಮಾಡುವಷ್ಟರಲ್ಲಿ ಮಗುವಿಗೆ ಆಸಕ್ತಿ ಹೋಗಿರುತ್ತದೆ.

ಅಕ್ಕಿ, ರವೆ, ಉಪ್ಪು

ಅಕ್ಷರಾಭ್ಯಾಸದ ದಿನ ಹರಿವಾಣದಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು ತಿದ್ದಿಸುತ್ತೇವಲ್ಲ, ಅದು ಶಾಸ್ತ್ರಕ್ಕೆ ಚೆಂದ. ದಿನದ ಅಭ್ಯಾಸಕ್ಕೆ ಅಕ್ಕಿ ಅಷ್ಟು ಸರಿಯಿಲ್ಲ. ಕಾಳು ದೊಡ್ಡದು, ಉರುಳುತ್ತದೆ, ಗೆರೆಯ ಅಂಚು ಸ್ಪಷ್ಟ ಕಾಣಲ್ಲ. ರವೆ ಎಷ್ಟೋ ಮೇಲು. ತಟ್ಟೆಯ ತಳಕ್ಕೆ ಕಪ್ಪು ಕಾಗದ ಹಾಸಿ, ಅದರ ಮೇಲೆ ಅರ್ಧ ಸೆಂಟಿಮೀಟರ್‌ಗಿಂತ ತೆಳ್ಳಗೆ ರವೆ ಹರಡಿ. ಬೆರಳು ಹೋದಲ್ಲಿ ಕಪ್ಪು ಗೆರೆ ಎದ್ದು ಕಾಣುತ್ತದೆ. ತಪ್ಪಾದರೆ ತಟ್ಟೆ ಅಲ್ಲಾಡಿಸಿದರೆ ಮುಗೀತು. ‘ತಪ್ಪು’ ಅಂತ ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ.

ಉಪ್ಪು ಬಳಸಿ ಅಂತ ಬಹಳ ಜನ ಸಲಹೆ ಕೊಡುತ್ತಾರೆ. ಅವರ್ಯಾರೂ ಜುಲೈ ತಿಂಗಳಲ್ಲಿ ಕಾರವಾರಕ್ಕೆ ಬಂದವರಲ್ಲ. ಇಲ್ಲಿ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೊಳಗೇ ನೀರು. ರವೆಯೂ ಆಗ ಸ್ವಲ್ಪ ಮುದ್ದೆಯಾಗುತ್ತದೆ, ಬಾಣಲೆಯಲ್ಲಿ ಬೆಚ್ಚಗೆ ಮಾಡಿಕೊಂಡರೆ ನಡೆಯುತ್ತದೆ. ಇರುವೆ ಬರುತ್ತದೆ, ನೋಡಿಕೊಳ್ಳಿ. ನನ್ನ ತಾಯಿಗೆ ಮಾತ್ರ ಇದು ಯಾವತ್ತೂ ಹಿಡಿಸಲಿಲ್ಲ. ‘ಅಕ್ಕಿ ಮೇಲೆಲ್ಲಾ ಆಡಲಾಗ ಕೂಸೇ’ ಅಂತ ಮೊಮ್ಮಗಳಿಗೆ ಹೇಳುತ್ತಲೇ ಇದ್ದರು. ಅನ್ನದ ಮೇಲಿನ ಗೌರವ ಅದು, ನಾನು ವಾದಿಸಲಿಲ್ಲ.

ಹುಣಸೆ ಬೀಜ, ಕವಡೆ, ಚಿಪ್ಪು ಜೋಡಿಸಿ ಅಕ್ಷರ ಮಾಡಿಸೋದೂ ಇದೆ. ಆಕಾರ ಗುರುತಿಸೋಕೆ ಒಳ್ಳೇದು, ಬರೆಯುವ ಓಟ ಅದರಿಂದ ಬರೋದಿಲ್ಲ. ಮೂರು ವರ್ಷದೊಳಗಿನ ತಮ್ಮ-ತಂಗಿ ಮನೆಯಲ್ಲಿದ್ದರೆ ಬೀಜ ಮೂಗಿಗೆ ಹೋಗುವ ಅಪಾಯ ಇದ್ದೇ ಇದೆ. ಎದುರಿಗೆ ಕೂತು ಮಾಡಿಸಿ.

ಉಪ್ಪುಕಾಗದದ ಅಕ್ಷರ

ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದರು. ಅಲ್ಲಿ ಅವರು ಬಳಸಿದ ಒರಟು ಕಾಗದದ ಅಕ್ಷರಗಳು ಇವತ್ತಿಗೂ ಚಾಲ್ತಿಯಲ್ಲಿವೆ. ಹಲಗೆಯ ಮೇಲೆ ಅಂಟಿಸಿದ ಅಕ್ಷರವನ್ನು ಮಗು ತೋರುಬೆರಳು, ನಡುಬೆರಳು ಸೇರಿಸಿ ಸವರುತ್ತದೆ, ಸವರುತ್ತಲೇ ಅದರ ಸದ್ದು ಹೇಳುತ್ತದೆ. ಕಣ್ಣು, ಕೈ, ಕಿವಿ ಮೂರಕ್ಕೂ ಒಟ್ಟಿಗೆ ಕೆಲಸ. ಬೆರಳು ದಾರಿ ತಪ್ಪಿದರೆ ನುಣುಪು ಸಿಗುತ್ತದೆ, ಆಗ ಮಗು ತಾನೇ ವಾಪಸ್ ಬರುತ್ತದೆ. ಪೆನ್ಸಿಲ್ ಹಿಡಿಯೋಕೆ ಇನ್ನೂ ಕೈ ಬಲಿಯದ ಮೂರು-ಮೂರೂವರೆ ವರ್ಷದವರಿಗೆ ನನ್ನ ಮೊದಲ ಆಯ್ಕೆ ಇದೇ.

ಸಿದ್ಧ ಸೆಟ್ಟಿಗೆ ದುಡ್ಡು ಸುರಿಯಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಉಪ್ಪುಕಾಗದ ಅಂದರೆ ಕೊಡುತ್ತಾರೆ. ಹಿಂದೆ ಬರೆದ ನಂಬರು ದೊಡ್ಡದಾದಷ್ಟೂ ಕಾಗದ ನುಣುಪು. ಮಕ್ಕಳ ಬೆರಳಿಗೆ 150ರ ಮೇಲಿನದೇ ಇರಲಿ. ನಾನು ಮೊದಲು ಮರಕೆಲಸಕ್ಕೆ ಇಟ್ಟಿದ್ದ ದಪ್ಪದ್ದನ್ನು ಅಂಟಿಸಿ, ಮಗಳ ಬೆರಳು ಕೆಂಪಾಗಿ ಬೈಸಿಕೊಂಡಿದ್ದೆ. ರಟ್ಟಿನ ಮೇಲೆ ಅಂಟಿಸಿದರೆ ನಮ್ಮ ಕಡೆ ಒಂದು ಮಳೆಗಾಲಕ್ಕೆ ಬೂಸಲು ಹಿಡಿದು ಸೊಟ್ಟಗಾಗುತ್ತದೆ. ಬಡಗಿಯ ಹತ್ತಿರ ಬಿದ್ದಿರುವ ಪ್ಲೈವುಡ್ ತುಂಡು ಕೇಳಿ ತನ್ನಿ. 49 ಅಕ್ಷರವೂ ಮಾಡಬೇಕಿಲ್ಲ. ಹತ್ತೋ ಹನ್ನೆರಡೋ ಮಾಡುವಷ್ಟರಲ್ಲಿ ಮಗು ಇದನ್ನು ದಾಟಿಕೊಂಡು ಮುಂದೆ ಹೋಗಿರುತ್ತದೆ.

ತೋಡು ಕೊರೆದ ಹಲಗೆಗಳು ನೋಡೋಕೆ ಇದರ ಅಣ್ಣನ ಹಾಗಿವೆ, ಆದರೆ ಕೆಲಸ ಪೂರಾ ಬೇರೆ. ಕಡ್ಡಿ ತೋಡಿನೊಳಗೆ ಬಿದ್ದರೆ ಆಚೀಚೆ ಹೋಗೋಕೆ ಆಗೋದೇ ಇಲ್ಲ. ದಾರಿ ಹಿಡಿಯೋದು ಮಗುವಿನ ಕೈಯಲ್ಲ, ತೋಡಿನ ಗೋಡೆ. ಬೆರಳಿಗೆ ತೀರಾ ಕಸುವಿಲ್ಲದ ಮಕ್ಕಳಿಗೆ ಉಪಯೋಗ ಇರಬಹುದು. ನಮ್ಮ ಮನೆಯಲ್ಲಿ ಅದರ ಮೇಲೆ ಆಟದ ಕಾರು ಓಡುತ್ತಿದೆ.

ಪಾಟಿ

ಹೇಳಿಬಿಡುತ್ತೇನೆ, ನನ್ನ ಪಕ್ಷಪಾತ ಇದರ ಕಡೆಗೆ. ಬೇರೆ ಕಡೆ ಸ್ಲೇಟು ಅನ್ನುತ್ತಾರೆ, ನಮಗೆ ಪಾಟಿ. ಕಾಗದದ ಮೇಲೆ ಪೆನ್ಸಿಲ್ ಜಾರುತ್ತದೆ, ಪ್ಲಾಸ್ಟಿಕ್ ಹಾಳೆಯ ಮೇಲೆ ಮಾರ್ಕರ್ ಇನ್ನೂ ಜಾರುತ್ತದೆ. ಕಲ್ಲಿನ ಪಾಟಿಯ ಮೇಲೆ ಕಡ್ಡಿ ಕಿರ್ ಅನ್ನುತ್ತಾ ಸ್ವಲ್ಪ ತಡೆಯುತ್ತದೆ. ಆ ತಡೆ ಬೇಕು. ಕೈ ಎತ್ತ ಹೋಗುತ್ತಿದೆ ಅನ್ನೋದು ಮಗುವಿಗೆ ಗೊತ್ತಾಗೋದೇ ಅದರಿಂದ.

ಪಾಟಿಯಲ್ಲಿ ತಿದ್ದಿಸೋಕೆ ನಾನು ಕಂಡುಕೊಂಡ ಕ್ರಮ ಹೀಗೆ. ದೊಡ್ಡದಾಗಿ ಒಂದು ‘ದ’ ಬರೆಯಿರಿ, ಸೀಮೆಸುಣ್ಣದಲ್ಲಿ, ಮಗು ನೋಡುತ್ತಿರುವಾಗಲೇ, ನಿಧಾನವಾಗಿ. ಬರೆದಿಟ್ಟ ಅಕ್ಷರವನ್ನು ತಂದು ಮುಂದಿಡೋದಕ್ಕೂ ಕೈ ಓಡೋದನ್ನು ತೋರಿಸೋದಕ್ಕೂ ಬಹಳ ವ್ಯತ್ಯಾಸ ಇದೆ. ಆಮೇಲೆ ಚಿಕ್ಕ ಸ್ಪಂಜಿನ ಚೂರನ್ನು ನೀರಲ್ಲಿ ಅದ್ದಿ ಹಿಂಡಿ ಮಗುವಿಗೆ ಕೊಡಿ. ಬಿಳಿ ಗೆರೆಯ ಮೇಲೇ ಹೋಗಿ ಅಕ್ಷರವನ್ನು ‘ತಿನ್ನಬೇಕು’. ಎಲ್ಲಿ ತಪ್ಪಿತೋ ಅಲ್ಲಿ ಬಿಳಿ ಉಳಿದಿರುತ್ತದೆ, ಅವನಿಗೇ ಕಾಣುತ್ತದೆ. ಈಗ ಪಾಟಿಯ ಮೇಲೆ ಒದ್ದೆ ಗುರುತಿನ ‘ದ’ ಇದೆ. ಅದರ ಮೇಲೆ ಒದ್ದೆ ಬೆರಳಿನಿಂದ ಇನ್ನೊಂದು ಸಲ. ಕೊನೆಗೆ ಗುರುತು ಆರುತ್ತಾ ಬಂದಾಗ ಸೀಮೆಸುಣ್ಣದಲ್ಲಿ ಅವನೇ ಬರೆಯಬೇಕು. ಅಷ್ಟು ಹೊತ್ತಿಗೆ ಅಕ್ಷರ ಅರ್ಧ ಮಾಯ, ಉಳಿದರ್ಧವನ್ನು ತಲೆಯಿಂದ ತರಬೇಕು. ಮಾರ್ಚ್ ತಿಂಗಳ ಬಿಸಿಲಿಗೆ ಗುರುತು ಚಕ್ ಅಂತ ಆರಿ ಮಗು ಗಾಬರಿ ಬೀಳುತ್ತದೆ. ಮಳೆಗಾಲದಲ್ಲಿ ನಿಧಾನಕ್ಕೆ ಆರುತ್ತದೆ. ನಮ್ಮೂರಿನ ಥಂಡಿ ಹವೆಗೆ ಇದೊಂದು ಉಪಯೋಗ ಇದೆ ನೋಡಿ.

ಇನ್ನೊಂದು ಗುಟ್ಟು. ಹೊಸ ಸೀಮೆಸುಣ್ಣ ಇಡಿಯಾಗಿ ಕೊಡಬೇಡಿ. ಎರಡು-ಮೂರು ಸೆಂಟಿಮೀಟರ್ ತುಂಡು ಮಾಡಿ ಕೊಡಿ. ಉದ್ದದ್ದನ್ನು ಮಕ್ಕಳು ಮುಷ್ಟಿಯಲ್ಲಿ ಹಿಡಿಯುತ್ತಾರೆ. ತುಂಡನ್ನು ಮುಷ್ಟಿಯಲ್ಲಿ ಹಿಡಿಯೋಕೆ ಬರೋದೇ ಇಲ್ಲ, ಮೂರು ಬೆರಳಲ್ಲೇ ಹಿಡಿಯಬೇಕು. ‘ಹೀಗೆ ಹಿಡಿ, ಹಾಗೆ ಹಿಡಿ’ ಅನ್ನುವ ರಗಳೆಯಿಲ್ಲ.

ಕಷ್ಟಗಳೂ ಇವೆ. ಕಲ್ಲಿನ ಪಾಟಿ ಬಿದ್ದರೆ ಒಡೆಯುತ್ತದೆ. ಈಗ ಬರುವ ತಗಡಿನದು, ಪ್ಲಾಸ್ಟಿಕ್ಕಿನದು ಬೇಗ ನುಣುಪಾಗಿ ಬರಹ ಹತ್ತೋದಿಲ್ಲ. ಕೆಲವು ಮಕ್ಕಳಿಗೆ ಕಡ್ಡಿ ತಿನ್ನುವ ಚಟ. ಅದು ಜಾಸ್ತಿಯಾದರೆ ಬೈದು ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ, ರಕ್ತ ಕಡಿಮೆ ಇದ್ದರೂ ಹಾಗೆ ಮಾಡುತ್ತಾರೆ. ಒರೆಸೋಕೆ ಉಗುಳು ಬೇಡ ಅಂತ ಒಂದು ಬಟ್ಟೆ ಕಟ್ಟಿಟ್ಟಿದ್ದೇನೆ. ನಾವು ಚಿಕ್ಕವರಿದ್ದಾಗ ಬೇಲಿ ಬದಿಯ ನೀರುಕಡ್ಡಿ ಮುರಿದು, ಅದರ ದಂಟಿನ ನೀರಲ್ಲೇ ಪಾಟಿ ಒರೆಸುತ್ತಿದ್ದೆವು. ಮಗನಿಗೆ ತೋರಿಸಿದ ಮೇಲೆ ಬಟ್ಟೆ ಬದಿಗೆ ಹೋಗಿದೆ.

ಚುಕ್ಕಿ ಪುಸ್ತಕ

ಎಲ್ಲಕ್ಕಿಂತ ಜಾಸ್ತಿ ಮಾರಾಟವಾಗೋದು ಇದೇ. ಪೂರಾ ಕೆಟ್ಟದ್ದು ಅನ್ನೋದಿಲ್ಲ. ಕೂತು ಒಂದು ಪುಟ ಮುಗಿಸುವ ರೂಢಿ ಬರುತ್ತದೆ, ಮುಗಿಸಿದ ಹೆಮ್ಮೆಯೂ ಸಿಗುತ್ತದೆ. ತೊಂದರೆ ಏನೆಂದರೆ, ಪುಟ ಚೆಂದ ಕಂಡರೂ ಅಕ್ಷರ ಬಂದಿದೆ ಅಂತಲ್ಲ. ಮಗು ಕೆಳಗಿನಿಂದ ಮೇಲೆ ಹೋಗಿರಬಹುದು, ತಲೆಕಟ್ಟಿನಿಂದ ಶುರುಮಾಡಿ ಹಿಂದುಮುಂದಾಗಿ ಸುತ್ತಿರಬಹುದು. ಮುಗಿದ ಪುಟದಲ್ಲಿ ಅದ್ಯಾವುದೂ ಕಾಣಲ್ಲ.

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕರಿನ್ ಜೇಮ್ಸ್ ಅನ್ನುವವರು ಸಂಗಡಿಗರ ಜೊತೆ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಕೆಲವು ಅಕ್ಷರ ಸ್ವಂತ ಕೈಯಲ್ಲಿ ಬರೆಸಿದರು, ಕೆಲವನ್ನು ತಿದ್ದಿಸಿದರು, ಕೆಲವನ್ನು ಕೀಲಿ ಒತ್ತಿಸಿದರು. ಆಮೇಲೆ ಆ ಅಕ್ಷರಗಳನ್ನು ತೋರಿಸುತ್ತಾ ಮಿದುಳಿನ ಸ್ಕ್ಯಾನ್ ಮಾಡಿದರು. ಓದುವಾಗ ಕೆಲಸ ಮಾಡುವ ಭಾಗಗಳು ಚುರುಕಾದದ್ದು ಸ್ವಂತ ಬರೆದ ಅಕ್ಷರಗಳಿಗೆ. ತಿದ್ದಿದ್ದಕ್ಕೂ ಒತ್ತಿದ್ದಕ್ಕೂ ಹಾಗಾಗಲಿಲ್ಲ. ಮಕ್ಕಳ ಸಂಖ್ಯೆ ಕಡಿಮೆ, ಅಕ್ಷರಗಳೂ ಇಂಗ್ಲಿಷಿನವು, ಹಾಗಾಗಿ ಅದನ್ನೇ ವೇದವಾಕ್ಯ ಅನ್ನಲಾರೆ. ಆದರೆ ನನ್ನ ಮಗಳ ವಿಷಯದಲ್ಲಿ ಕಂಡದ್ದಕ್ಕೆ ಅದು ಸರಿಯಾಗಿ ಹೊಂದುತ್ತದೆ. ಒಂದಿಡೀ ಪುಸ್ತಕ ತಿದ್ದಿ ಮುಗಿಸಿದವಳಿಗೆ ಖಾಲಿ ಹಾಳೆ ಕೊಟ್ಟಾಗ ಕೇಳಿದ್ದು, ‘ಚುಕ್ಕಿ ಎಲ್ಲಿ ಆಯಿ?’

ಅವಳ ಶಿಶುವಿಹಾರದಿಂದ ಆ ವರ್ಷ ದಿನಕ್ಕೆ ನಾಲ್ಕು ಪುಟ ತಿದ್ದುವ ಹೋಂವರ್ಕ್ ಬರುತ್ತಿತ್ತು. ಎರಡು ತಿಂಗಳು ನಾನೇ ಎಡಗೈಯಲ್ಲಿ ಅರ್ಧ ತಿದ್ದಿ ಕಳಿಸಿದ್ದೇನೆ, ಈಗ ಹೇಳೋಕೆ ನಾಚಿಕೆಯಿಲ್ಲ.

ಕಾಗದದಲ್ಲೇ ತಿದ್ದಿಸಬೇಕು ಅಂದರೆ ಚುಕ್ಕಿ ಬಿಡಿ. ಹಳದಿ ಸ್ಕೆಚ್ ಪೆನ್ನಿನಲ್ಲಿ ಅಕ್ಷರವನ್ನು ಅಖಂಡವಾಗಿ ಬರೆದು, ಶುರುಮಾಡುವ ಜಾಗದಲ್ಲಿ ಒಂದು ಹಸಿರು ಬೊಟ್ಟು ಇಡಿ. ಮಗು ಅದರ ಮೇಲೆ ಪೆನ್ಸಿಲ್ಲಿನಿಂದ ಬರೆಯಲಿ. ಒಂದು ಸಾಲಿಗೆ ಮೂರು ಸಲ ತಿದ್ದುವುದು, ಎರಡು ಸಲ ಪಕ್ಕದಲ್ಲಿ ನೋಡಿ ಬರೆಯುವುದು, ಒಂದು ಸಲ ಕೈ ಅಡ್ಡ ಹಿಡಿದು ನೋಡದೆ ಬರೆಯುವುದು. ಆರೇ ಅಕ್ಷರ, ಮುಗೀತು. ಒರೆಸಿ ಬರೆಯುವ ಪ್ಲಾಸ್ಟಿಕ್ ಹಾಳೆಗೂ ಇದೇ ಮಾತು. ಕಾಗದ ಉಳಿಯುತ್ತದೆ ಅನ್ನೋದು ಬಿಟ್ಟರೆ ಅದು ಚುಕ್ಕಿ ಪುಸ್ತಕವೇ, ಜೊತೆಗೆ ಜಾರಿಕೆ.

ಫೋನು

ಗಾಜಿನ ಮೇಲೆ ಬೆರಳಿಗೆ ತಡೆಯೇ ಇಲ್ಲ. ಬೆರಳು ಹೇಗೆ ಹೋದರೂ ಆ್ಯಪ್ ಚಪ್ಪಾಳೆ ತಟ್ಟುತ್ತದೆ. ನಾನು ಇಳಿಸಿಕೊಂಡಿದ್ದ ಒಂದರಲ್ಲಿ ‘ಮ’ ಬರೆಯುವ ದಾರಿಯೇ ತಿರುಗುಮುರುಗಾಗಿತ್ತು. ಎರಡರಿಂದ ನಾಲ್ಕು ವರ್ಷದವರಿಗೆ ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಒಂದು ಗಂಟೆಯನ್ನು ಇದಕ್ಕೆ ಖರ್ಚು ಮಾಡೋದಕ್ಕಿಂತ ಅಜ್ಜನಿಗೆ ವೀಡಿಯೋ ಕಾಲ್ ಮಾಡಿಸೋದು ವಾಸಿ.

ಯಾವ ಅಕ್ಷರ ಮೊದಲು?

ಸಾಮಾನು ಯಾವುದೇ ಇರಲಿ, ‘ಅ’ದಿಂದ ಶುರುಮಾಡಿದರೆ ಕಷ್ಟ ಜಾಸ್ತಿ. ಓದೋಕೆ ‘ಅ ಆ ಇ ಈ’ ಸರಿ, ಬರೆಯೋಕೆ ಅಲ್ಲ. ‘ಈ’ ಅಕ್ಷರವನ್ನೊಮ್ಮೆ ಮೂರು ವರ್ಷದವರ ಕಣ್ಣಿಂದ ನೋಡಿ! ನಮ್ಮ ಸರಕಾರಿ ಶಾಲೆಗಳ ಒಂದನೇ ತರಗತಿಯಲ್ಲಿ ‘ರ ಗ ಸ ದ ಅ, ಜ ವ ಮ ಬ ನ’ ಅಂತ ಕಲಿಸುವ ಕ್ರಮ ಇದೆಯಲ್ಲ, ಅದರ ಹಿಂದೆ ಬುದ್ಧಿ ಇದೆ. ‘ರ’ ಬಂದರೆ ಹೊಟ್ಟೆಗೊಂದು ಚುಕ್ಕಿ ಇಟ್ಟರೆ ‘ಠ’. ‘ವ’ ಬಂದರೆ ಬಲಕ್ಕೊಂದು ಬಾಲ ಎಳೆದರೆ ‘ಮ’. ಒಂದು ಸುತ್ತಿನ ಮೇಲೆ ಇನ್ನೊಂದು ಸುಲಭವಾಗಿ ಕೂರುತ್ತದೆ. ತಲೆಕಟ್ಟು ಮೊದಲೋ ಕೊನೆಗೋ ಅನ್ನುವ ಜಗಳಕ್ಕೆ ನಾನು ಬರೋದಿಲ್ಲ. ಅಂಗನವಾಡಿ ಟೀಚರ್ ಹೇಗೆ ಬರೆಸುತ್ತಾರೆ ಕೇಳಿಕೊಂಡು ಮನೆಯಲ್ಲೂ ಹಾಗೇ ಬರೆಸಿ.

ಕಾರವಾರದ ಕೊಂಕಣಿ ಮನೆಗಳಿಗೆ ಒಂದು ಮಾತು. ಗೋಡೆಗೆ ಹಾಕುವ ಪಟದಲ್ಲಿ ‘ಇ’ ಪಕ್ಕ ಇಲಿಯ ಚಿತ್ರ ಇರುತ್ತದೆ. ನಮ್ಮ ಪಕ್ಕದ ಮನೆಯ ಪೋರ ‘ಇ’ ಮೇಲೆ ಬೆರಳಾಡಿಸುತ್ತಾ ಖುಷಿಯಿಂದ ‘ಉಂದೀರ್!’ ಅನ್ನುತ್ತಿದ್ದ. ಅವನ ಮನೆಮಾತಲ್ಲಿ ಅದು ಉಂದೀರೇ. ಅಕ್ಷರ ‘ಇ’, ಬಾಯಲ್ಲಿ ‘ಉ’. ತಪ್ಪು ಅವನದಲ್ಲ, ಪಟದ್ದು. ಚಿತ್ರ ಬಿಟ್ಟು ಮನೆಯವರ ಹೆಸರು ಹಿಡಿಯಿರಿ. ನಮ್ಮಲ್ಲಿ ‘ಆ’ ಅಂದರೆ ಆನೆಯಲ್ಲ, ಆಯಿ.

ಮಗು ಎಡಗೈ ಚಾಚಿದರೆ ಬಿಡಿ. ಅಕ್ಷರಾಭ್ಯಾಸದ ದಿನ ಹಿರಿಯರ ಸಮಾಧಾನಕ್ಕೆ ಬಲಗೈಯಲ್ಲಿ ಮೂರು ಅಕ್ಷರ ತಿದ್ದಿಸಿ, ಮರುದಿನದಿಂದ ಅದರ ಕೈ ಅದಕ್ಕೆ. ಕಾಗದವನ್ನು ಸ್ವಲ್ಪ ಬಲಕ್ಕೆ ವಾಲಿಸಿಟ್ಟರೆ ಬರೆದದ್ದು ಕೈ ಕೆಳಗೆ ಮುಚ್ಚಿಹೋಗೋದಿಲ್ಲ.

ಚಿಕ್ಕವನಿಗೆ ಈ ಜೂನಿಗೆ ನಾನು ತಂದದ್ದು ಇಷ್ಟು: ಒಂದು ಕಲ್ಲಿನ ಪಾಟಿ, ಒಂದು ಡಬ್ಬಿ ಸೀಮೆಸುಣ್ಣ, ಎರಡು ಹಾಳೆ ಉಪ್ಪುಕಾಗದ, ಒಂದು ಹಳದಿ ಸ್ಕೆಚ್ ಪೆನ್. ದಿನಕ್ಕೆ ಹತ್ತು ನಿಮಿಷ, ಅವನು ಎದ್ದು ಓಡಿದರೆ ಐದೇ. ಅಕ್ಕನ ಹಳೇ ಚುಕ್ಕಿ ಪುಸ್ತಕವೊಂದು ಅರ್ಧ ಉಳಿದಿತ್ತು, ಅದನ್ನೂ ಕೊಟ್ಟಿದ್ದೇನೆ. ಹಾಳೆಯ ಹಿಂಬದಿ ಖಾಲಿ ಇದೆಯಲ್ಲ, ಅಲ್ಲಿ ದೋಣಿ ಬರೆಯುತ್ತಿದ್ದಾನೆ.